ಕಿಲುಬಿನ ಲೆಕ್ಕ

ಹರಿಹರದ ಕೈಗಾರಿಕಾ ವಸಾಹತಿನ ಹಿಂದಿನ ಸಾಲಿನಲ್ಲಿ
ಬಕ್ಕೇಶಪ್ಪನವರ ಪ್ಲೇಟಿಂಗ್ ಶೆಡ್ಡು.
ಒಳಗೆ ಏಳು ತೊಟ್ಟಿ. ಬೋಲ್ಟು, ನಟ್ಟು, ಬ್ರಾಕೆಟ್ಟು
ಬುಟ್ಟಿ ಬುಟ್ಟಿಯಾಗಿ ಮುಳುಗಿ ಏಳುತ್ತವೆ;
ಮೊದಲು ಆಸಿಡ್ಡಿನಲ್ಲಿ ಮೈ ಸುಲಿಸಿಕೊಂಡು
ಆಮೇಲೆ ಸತುವಿನ ಅಂಗಿ ತೊಟ್ಟು.
ಊರ ತುಕ್ಕಿಗೆಲ್ಲ ಮದ್ದು ಅರೆಯುವ ಈ ಶೆಡ್ಡಿನ
ತಗಡಿನ ಮಾಡು ಮಾತ್ರ
ಹಪ್ಪಳದ ಹಾಗೆ ಉದುರುತ್ತದೆ.

ನಾನು ಇಲ್ಲಿನ ಕರೆಂಟಿನವಳು.
ಕಾಣದ ಹೊಗೆ ಇಲ್ಲಿಯದು,
ಗಂಟಲಿಗೆ ಬಂದಾಗಲೇ ಗೊತ್ತು.
ಗಂಟಲಿಗಿಂತ ಮೊದಲು ತಾಮ್ರಕ್ಕೆ ಗೊತ್ತು:
ಬಸ್‌ಬಾರಿನ ಅಂಚಿಗೆ ಹಸಿರು ಹತ್ತುತ್ತದೆ,
ಹಬ್ಬಕ್ಕೆಂದು ಅಟ್ಟದಿಂದ ಇಳಿಸಿದ ಕೊಡದ
ಕಂಠದಲ್ಲಿರುತ್ತದಲ್ಲ, ಅದೇ ಕಿಲುಬು.
ಕೊಡವಾದರೆ ಹುಣಸೆಹಣ್ಣು, ಒಂದು ಚಿಟಿಕೆ ಉಪ್ಪು.
ನಾನೂರ ಹದಿನೈದು ವೋಲ್ಟಿಗೆ
ಹುಣಸೆಹಣ್ಣು ತಿಕ್ಕುವ ಹಾಗಿಲ್ಲ.

ನಮ್ಮ ದಾದಾ ಕಲಾಯಿಯವರು.
ಓಣಿಯ ತುದಿಯಲ್ಲಿ ಕುಣಿ ತೋಡಿ, ತಿದಿ ಒತ್ತಿ,
ಕಾದ ಹಂಡೆಯ ಹೊಟ್ಟೆಗೆ ನವಸಾಗರ ಎಸೆದರೆ
ಬುಸ್ಸೆಂದು ಬಿಳಿ ಹೊಗೆ;
ಹೊಗೆಯ ಹಿಂದೆಯೇ ತವರದ ಮಿಂಚು
ಅರಿವೆಯ ಬೆನ್ನು ಹತ್ತಿ ಓಡುತ್ತಿತ್ತು.
"ತಾಮ್ರಕ್ಕೆ ನಾಚಿಕೆ ಜಾಸ್ತಿ, ಬರಿಮೈಲಿ ಬಿಡಬಾರದು" ಅನ್ನೋರು.
ಐವತ್ತೆಂಟಕ್ಕೆ
ಅವರ ಎದೆಯೊಳಗಿನ ತಿದಿ ನಿಂತಿತು.

ನಾನೂ ಬರಿಮೈಲಿ ಬಿಡಲಿಲ್ಲ.
ಬಸ್‌ಬಾರಿಗೆ ಕಲಾಯಿ ಹಾಕಿಸಿದೆ.
ಮೇಲಿಂದ ಇಳಿಯುತ್ತಿದ್ದ ಕೇಬಲ್ಲನ್ನು ಕೆಳಗಿನಿಂದ ತಂದೆ,
ಸಂದಿಗೆಲ್ಲ ರಬ್ಬರು, ಟರ್ಮಿನಲ್ಲಿಗೆ ಜೆಲ್ಲಿ,
ಚಳಿಗಾಲದ ತುಟಿಗೆ ಸವರುವಷ್ಟು ತೆಳ್ಳಗೆ.
ಪ್ಯಾನೆಲ್ಲಿಗೊಂದು ಕೋಣೆ ಕಟ್ಟಿಸಿ
ಹೊಳೆ ಕಡೆಯ ಗೋಡೆಗೆ ಬ್ಲೋಯರ್ ಕೂರಿಸಿ
ಗಾಳಿ ಸೋಸಿ ಸೋಸಿ ತುಂಬಿದೆ.
ಒಳಗೆ ಒತ್ತಡ ಕೂದಲೆಳೆಯಷ್ಟು ಹೆಚ್ಚಿರಬೇಕು:
ಬಾಗಿಲು ತೆಗೆದರೆ ಗಾಳಿ ಆಚೆ ಹೋಗಬೇಕು,
ಹೊಗೆ ಒಳಗೆ ಕಾಲಿಡಬಾರದು.
ಇಷ್ಟೇ ವಿದ್ಯೆ.

ಆದರೂ ಶ್ರಾವಣದಲ್ಲಿ ಮೂರನೇ ಕಾಂಟ್ಯಾಕ್ಟರ್ ಹಸಿರಾಯಿತು.
ತೇವ ಕುಡಿಯುವ ನೀಲಿ ಹರಳು ವಾರದಲ್ಲೇ ಗುಲಾಬಿ.
ನೋಡುತ್ತ ಬಂದೆ: ದಿನಾ ಮಧ್ಯಾಹ್ನ ಒಂದೂವರೆಗೆ
ಒತ್ತಡದ ಮುಳ್ಳು ಬೀಳುತ್ತದೆ,
ಹತ್ತು ನಿಮಿಷ ಏಳುವುದಿಲ್ಲ.

ಹೋಗಿ ನೋಡಿದರೆ
ಬಾಗಿಲ ಸಂದಿಯಲ್ಲಿ ಕಾಲು ಚಾಚಿ ಕರಿಬಸಮ್ಮ,
ನಾಲ್ಕನೇ ತೊಟ್ಟಿಯವಳು. ಬೆನ್ನು ಪ್ಯಾನೆಲ್ಲಿಗೆ.
ಮಡಿಲಲ್ಲಿ ಬಿಚ್ಚದ ರೊಟ್ಟಿ ಗಂಟು.
ಉಣ್ಣುತ್ತಿರಲಿಲ್ಲ,
ಉಸಿರಾಡುತ್ತಿದ್ದಳು.

"ಬೈಬ್ಯಾಡವ್ವ ಮುಬೀನಾ. ಇಲ್ಲಿ ಗಾಳಿಗೆ ರುಚಿ ಇಲ್ಲ ನೋಡು,
ಅದಕ್ಕ ಬರ್ತೀನಿ.
ಅಲ್ಲಿ ರೊಟ್ಟಿ ತಿಂದರೂ ಸೆಲ್ಲು ನೆಕ್ಕಿದಂಗ ಐತಿ."

"ಬಾಗಿಲು ಹಾಕ್ಕೊಂಡು ಕೂತ್ಕೋ" ಎಂದೆ.
ಅಷ್ಟೇ ಬಂತು ಬಾಯಿಗೆ.
ಪುಸ್ತಕದಲ್ಲಿ 'ಬಾಗಿಲ ರಬ್ಬರು ಸಡಿಲ' ಎಂದು ಬರೆದೆ.
ರಬ್ಬರು ಗಟ್ಟಿಯಾಗೇ ಇತ್ತು.

ಮಾರನೆಯ ದಿನ ಒಂದೇ ತಾಮ್ರದ ತಗಡಿನಿಂದ
ಎರಡು ಪಟ್ಟಿ ಕತ್ತರಿಸಿ, ಉಜ್ಜಿ,
ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿ ತಂದೆ.
ಒಂದನ್ನು ಪ್ಯಾನೆಲ್ ಕೋಣೆಯಲ್ಲಿ ನೇತುಹಾಕಿದೆ,
ನಿಯಮ ಹೇಳಿದ ಹಾಗೆ.
ಇನ್ನೊಂದನ್ನು
ನಿಯಮ ಹೇಳದ ಕಡೆ.
ಮೂವತ್ತು ದಿನ.

ಎರಡನ್ನೂ ಬಕ್ಕೇಶಪ್ಪನವರ ಮೇಜಿನ ಮೇಲಿಟ್ಟೆ.
ಒಂದು ಈಗತಾನೆ ಅಚ್ಚಿನಿಂದ ಬಿದ್ದ ಕಾಸು.
ಇನ್ನೊಂದು ಹಾಳುಬಾವಿಯ ಕೆಸರಿನಿಂದ ಎತ್ತಿದ್ದು.
ಕನ್ನಡಕ ಏರಿಸಿದರು, ಕುರ್ಚಿಯಿಂದ ಅರ್ಧ ಎದ್ದರು:
"ಇದ್ಯಾವ ಪ್ಯಾನೆಲ್ಲಿಂದು? ಸುಟ್ಟೋಗ್ತತಲ್ಲ!
ಮೊದಲು ಆಫ್ ಮಾಡು, ಖರ್ಚು ಆಮೇಲೆ ನೋಡಾಣ."

"ಪ್ಯಾನೆಲ್ಲಿಂದಲ್ಲ ಸಾರ್. ನಾಲ್ಕನೇ ತೊಟ್ಟಿ ಪಕ್ಕದ್ದು.
ನೆಲದಿಂದ ನಾಲ್ಕಡಿ ಏಳಿಂಚು.
ಕರಿಬಸಮ್ಮನ ಮೂಗು ಅಷ್ಟೆತ್ತರದಾಗ ಐತಿ."

ಅವರು ಪಟ್ಟಿಯನ್ನು ಉಗುರಿನಿಂದ ಕೆರೆದರು.
ಹಸಿರು ಪುಡಿ ಬಿಲ್ಲಿನ ಮೇಲೆ ಉದುರಿತು.
ಊದಿದರು, ಹೋಗಲಿಲ್ಲ.
ಗೋಡೆಯಾಚೆ ಬ್ಲೋಯರಿನ ಸದ್ದು ಒಂದೇ ಸಮ.
ಚಾ ಬಂತು.
ಕಪ್ಪಿಗೆ ಕೈ ಚಾಚಿದರು.

"ಕೈ ತೊಳ್ಕಳ್ರಿ ಸಾರ್" ಎಂದೆ,
"ಕಿಲುಬು ಮೈಯೊಳಗೆ ಹೋಗಬಾರದು."